ಜೀವನಚರಿತ್ರೆಯ ಕಪಾಟಿನವರಿಗೆ ಸಾಷ್ಟಾಂಗ ನಮಸ್ಕಾರ

ಮಾನ್ಯ ಕಪಾಟಿನವರೇ,

ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದ, ಓದುವ ಹುಚ್ಚಿರುವ ಹೆಣ್ಣುಮಗಳೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಗಾಜಿನ ಬಾಗಿಲ ಹೊರಗೆ ನಿಂತು ಕಣ್ಣಾರೆ ನೋಡುತ್ತಲೇ ಇದ್ದೇನೆ.

ತಾವು ಯಾವ ಊರಿನ ಗ್ರಂಥಾಲಯದವರೆಂದು ಇಲ್ಲಿ ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ತಮ್ಮಂಥ ಕಪಾಟುಗಳು ಶಾಲೆಯಲ್ಲಿವೆ, ಕಾಲೇಜಿನಲ್ಲಿವೆ, ಪಂಚಾಯಿತಿ ಕಟ್ಟಡದ ಮೂಲೆಯ ಕೋಣೆಯಲ್ಲಿಯೂ ಇವೆ. ಈ ಮಾತು ಯಾರಿಗೆ ತಟ್ಟುತ್ತದೋ ಅವರು ತಮ್ಮದೆಂದುಕೊಂಡು ಓದಿಕೊಳ್ಳಬೇಕು ಎಂದು ಪ್ರಾರ್ಥನೆ.

ತಮ್ಮ ಉಪಕಾರವನ್ನು ಮರೆತರೆ ನನಗೆ ಒಳ್ಳೆಯದಾಗಲಿಕ್ಕಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತು ಬಿದ್ದದ್ದನ್ನು ನನಗೆ ಹೇಳಿಕೊಟ್ಟವರು ತಾವು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದಾಗಲೇ 1829ರಲ್ಲಿ ತೀರಿಕೊಂಡದ್ದನ್ನೂ, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನೂ ಓದಿ ನಾನು ಅತ್ತದ್ದು ತಮ್ಮ ಎದುರಿನ ಬೆಂಚಿನ ಮೇಲೆಯೇ. ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿ ಶಿವಾಜಿಯ ಸೈನ್ಯಕ್ಕೆ ಎದುರು ನಿಂತದ್ದನ್ನು ತಾವು ಹೇಳಿದಿರಿ. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಬಸವಣ್ಣನ ಪಾತ್ರದಲ್ಲಿ ನಾಡನ್ನೆಲ್ಲ ಸುತ್ತಿ, ನೂರು ದಾಟಿ ಬಾಳಿ 2017ರಲ್ಲಿ ಹೋದ ನಟ ಬಾಳಪ್ಪನವರ ಬದುಕೂ ತಮ್ಮಲ್ಲಿದೆ. ಗಣೇಶ ಅಮೀನಗಡ ಅವರು ಎದುರು ಕೂತು ಬರೆದುಕೊಂಡ ಆ ಪುಸ್ತಕ ಓದಿದ ಮೇಲೆ, ಹಳ್ಳಿಯ ಒಬ್ಬ ಕಲಾವಿದನ ಬದುಕನ್ನು ಎಷ್ಟು ಅಕ್ಕರೆಯಿಂದ ಕಾಪಿಡಬಹುದು ಎಂಬುದು ನನಗೆ ತಿಳಿಯಿತು. ಇಷ್ಟನ್ನೆಲ್ಲ ಕೊಟ್ಟ ತಮಗೆ ಕೈಮುಗಿದು ಹೇಳುತ್ತೇನೆ: ಕೊಡದೇ ಇಟ್ಟದ್ದೂ ಬಹಳ ಇದೆ.

ಹೆಣ್ಣು ಕತ್ತಿ ಹಿಡಿದು ಕುದುರೆ ಏರಿದರೆ ಗಂಡೆದೆಯವಳು ಎಂದು ಹೊಗಳಿ ತಾವು ಮೇಲಿನ ಹಲಗೆಯಲ್ಲಿ ಕೂರಿಸುತ್ತೀರಿ. ಚೆನ್ನಮ್ಮನ ಹೆಸರಿಗೆ ಆ ಗೌರವ ಸಲ್ಲಲೇಬೇಕು. ಕಿತ್ತೂರಿನ ವಿಜಯಕ್ಕೆ 2024ರಲ್ಲಿ ಇನ್ನೂರು ವರ್ಷ ತುಂಬಿದಾಗ ನಾನೂ ಹೆಮ್ಮೆಪಟ್ಟವಳು. ಆದರೆ ಗಂಡು ಎಂದು ಕರೆಸಿಕೊಂಡು ಹುಟ್ಟಿ, ಬುದ್ಧಿ ಬಲಿಯುವ ವಯಸ್ಸಿಗೆ ತಾನು ಗಂಡಲ್ಲ ಎಂದು ಕಂಡುಕೊಂಡು, ಸೀರೆ ಉಟ್ಟು, ಹಣೆ ತುಂಬ ಭಂಡಾರ ಹಚ್ಚಿ, ಎಲ್ಲಮ್ಮನ ಕೊಡ ತಲೆಯ ಮೇಲೆ ಹೊತ್ತು ಊರಿನ ನಡುಬೀದಿಯಲ್ಲಿ ನಡೆದವರಿಗೆ ಬೇಕಾದ ಧೈರ್ಯ ಯಾವ ತೂಕದ್ದು ಎಂದು ತಾವು ಯೋಚಿಸಿದ್ದೀರಾ? ಕತ್ತಿ ಹಿಡಿದ ಹೆಣ್ಣಿನ ಹಿಂದೆ ಸೈನ್ಯ ಇತ್ತು. ಸೀರೆ ಉಟ್ಟ ಹುಡುಗನ ಹಿಂದೆ ಓಣಿಯ ಹುಡುಗರು ಕಲ್ಲು ಹಿಡಿದು ಬರುತ್ತಿದ್ದರು. ಅಂಥ ಒಬ್ಬರ ಬದುಕಾದರೂ, ಅವರ ಸ್ವಂತ ಹೆಸರಿನಲ್ಲಿ, ತಮ್ಮ ಯಾವುದಾದರೂ ಹಲಗೆಯಲ್ಲಿ ಇದೆಯೇ ಎಂದು ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಇಲ್ಲ.

ಇಲ್ಲ ಎಂದರೆ ಪೂರ್ತಿ ಇಲ್ಲ ಎಂದೂ ಅಲ್ಲ. ತಮ್ಮ ನೆರೆಯವರಾದ ಜಾನಪದದ ಕಪಾಟಿನವರು ಅಂಥವರಿಗೆ, ಅಂದರೆ ಜೋಗಪ್ಪಗಳಿಗೆ, ಜಾಗ ಕೊಟ್ಟಿದ್ದಾರೆ, ಅವರಿಗೂ ನನ್ನ ನಮಸ್ಕಾರ ಮುಟ್ಟಿಸಬೇಕು. ಅಲ್ಲಿ ಚೌಡಿಕೆ ವಾದ್ಯದ ವರ್ಣನೆ ಇದೆ, ಶ್ರುತಿ ತಾಳಗಳ ವಿವರ ಇದೆ. ಪಡ್ಡಲಗಿಯಲ್ಲಿ ಏನೇನು ಇಟ್ಟಿರುತ್ತಾರೆ, ದೇವಿಗೆ ಬಿಡುವಾಗ ಮುತ್ತು ಕಟ್ಟುವ ಶಾಸ್ತ್ರ ಹೇಗೆ, ಬನದ ಹುಣ್ಣಿಮೆ ಯಾವಾಗ, ಭಾರತ ಹುಣ್ಣಿಮೆ ಯಾವಾಗ ಎಲ್ಲ ಬರೆದಿದೆ. ಒಂದು ಪುಟದಲ್ಲಿ ಚಿತ್ರವೂ ಇದೆ: ತಲೆಯ ಮೇಲೆ ಕೊಡ, ಕೊಡದ ಸುತ್ತ ಬೇವಿನ ಸೊಪ್ಪು, ಹಿತ್ತಾಳೆಯ ದೇವಿಯ ಮುಖ, ಅದರ ಕೆಳಗೆ ಬೆವರಿದ ಒಂದು ಮನುಷ್ಯಮುಖ. ಚಿತ್ರದ ಅಡಿಯಲ್ಲಿ ಬರೆದದ್ದು ಒಂದೇ ಶಬ್ದ, ಜೋಗಪ್ಪ. ಕೊಡಕ್ಕೆ ಹೆಸರಿದೆ, ವಾದ್ಯಕ್ಕೆ ಹೆಸರಿದೆ, ಸೊಪ್ಪಿಗೂ ಹೆಸರಿದೆ. ಹೊತ್ತವರಿಗೆ ಇಲ್ಲ. ಹಿಂದಿನ ಪುಟದಲ್ಲಿರುವ ಎಲ್ಲಮ್ಮನ ಕಥೆಯ ಉದ್ದನೆಯ ಹಾಡನ್ನು ರಾತ್ರಿಯಿಡೀ ಹಾಡಿ ಬರೆಸಿದವರು ಯಾರು ಎಂಬುದೂ ಅಲ್ಲಿಲ್ಲ. ಸಂಗ್ರಹಿಸಿದವರ ಹೆಸರು ಮಾತ್ರ ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿದೆ.

ಆ ಹಾಡಿನ ಕಥೆಯನ್ನೇ ತಮ್ಮ ಸನ್ನಿಧಾನದಲ್ಲಿ ಒಮ್ಮೆ ಅರಿಕೆ ಮಾಡಿಕೊಳ್ಳುತ್ತೇನೆ. ಜಮದಗ್ನಿಗೆ ಹೆಂಡತಿ ರೇಣುಕೆಯ, ಅಂದರೆ ನಮ್ಮ ಎಲ್ಲಮ್ಮನ, ಮೇಲೆ ಸಿಟ್ಟು ಬಂತು. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಅಪ್ಪಣೆ ಮಾಡಿದ. ನಾಲ್ವರು ಒಲ್ಲೆವೆಂದರು, ತಂದೆಯ ಶಾಪಕ್ಕೆ ಈಡಾದರು. ಐದನೆಯವನು ಪರಶುರಾಮ ಕೊಡಲಿ ಎತ್ತಿದ. ಆ ನಾಲ್ವರ ಗಂಡಸುತನವನ್ನೇ ಶಾಪ ತಿಂದಿತು ಎಂದು ನಮ್ಮ ಕಡೆಯ ಕಥೆ ಹೇಳುತ್ತದೆ, ಜೋಗಪ್ಪಗಳಲ್ಲಿ ಹಲವರು ತಮ್ಮ ಮೂಲವನ್ನು ಕಾಣುವುದು ಅವರಲ್ಲಿಯೇ. ತಾಯಿಯ ಕೊರಳಿಗೆ ಕೈ ಮಾಡಲಾರೆವು ಎಂದದ್ದಕ್ಕೆ ಶಿಕ್ಷೆ ಉಂಡವರ ವಂಶ ಅದು. ಕೊಡಲಿ ಎತ್ತಿದವನ ಕಥೆ ಮಕ್ಕಳ ಚಿತ್ರಪುಸ್ತಕದಲ್ಲಿಯೂ ಇದೆ. ಒಲ್ಲೆ ಅಂದವರಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತಲಿನ ಯಾವ ಕಪಾಟಿನಲ್ಲೂ ಒಂದು ಪುಟ ಸಿಗದಿದ್ದರೆ ನನ್ನಂಥವಳಿಗೆ ನೋವಾಗದೆ ಇರುತ್ತದೆಯೇ?

ಬರೆದವರೇ ಇಲ್ಲ ಎಂದು ತಾವು ಹೇಳಬಹುದು. ಬರೆದಿದ್ದಾರೆ, ಮಹಾಸ್ವಾಮಿ. ನಿಕೊಲಸ್ ಬ್ರ್ಯಾಡ್‌ಫರ್ಡ್ ಎಂಬ ವಿದ್ವಾಂಸರು 1983ರಲ್ಲಿಯೇ ಎಲ್ಲಮ್ಮನ ಭಕ್ತಿ ಮತ್ತು ಲಿಂಗ ಬದಲಾಗುವಿಕೆಯ ಬಗ್ಗೆ ಅಮೆರಿಕದ ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಬರೆದರು. ಜಾಕಿ ಅಸಾಯಗ್ ಅವರು 1992ರಲ್ಲಿ ಸವದತ್ತಿಯ ದೇವಿಯನ್ನು ಕುರಿತು ಫ್ರೆಂಚಿನಲ್ಲಿ ಇಡೀ ಪುಸ್ತಕವನ್ನೇ ತಂದರು. ಲುಸಿಂಡಾ ರ್‍ಯಾಂಬರ್ಗ್ ಅವರು ದೇವಿಗೆ ಬಿಟ್ಟ ಜೋಗತಿಯರ ಬಗ್ಗೆ 2014ರಲ್ಲಿ ಪ್ರಕಟಿಸಿದ ಗ್ರಂಥ ವಿಶ್ವವಿದ್ಯಾಲಯಗಳಲ್ಲಿ ಪಠ್ಯದಂತೆ ಓಡಾಡುತ್ತಿದೆ. ಬೆಂಗಳೂರಿನ ‘ಅನೇಕ’ ಎಂಬ ಸಂಸ್ಥೆ ಜೋಗಪ್ಪಗಳ ಬದುಕನ್ನೇ ಅಧ್ಯಯನ ಮಾಡಿ ವರದಿ ತಂದಿದೆ. ಎಲ್ಲರಿಗೂ ನಾನು ಋಣಿ, ಅವರು ದೂರದಿಂದ ಬಂದು ಗುಡ್ಡ ಹತ್ತಿದರು, ನಾವು ಕೆಳಗೇ ಇದ್ದವರು ಹತ್ತಿ ಕೇಳಲಿಲ್ಲ. ಸಂಶೋಧನೆಯಲ್ಲಿ ವ್ಯಕ್ತಿಯ ನಿಜ ಹೆಸರು ಮರೆಸುವುದು ಪದ್ಧತಿ, ಅದಕ್ಕೆ ಸಕಾರಣವೂ ಇದೆ. ಆದರೆ ಹೆಸರು ಮರೆಸಿದ ಬದುಕು ಒಂದು ಪದ್ಧತಿಗೆ ಉದಾಹರಣೆಯಾಗಿ ನಿಲ್ಲುತ್ತದೆ, ಅಷ್ಟೇ. ಇಂಥವರ ಮಗಳು, ಇಂಥವರ ಶಿಷ್ಯೆ, ಇಂಥ ಊರಿನಾಕೆ ಎಂದು ಮುಂದಿನವರು ನೆನೆಯಬೇಕಾದರೆ ಜೀವನಚರಿತ್ರೆಯೇ ಬೇಕು. ಅದಕ್ಕೇ ತಮ್ಮ ಬಳಿ ಬಂದೆ. ಬೇರೆ ಯಾವ ಕಪಾಟೂ ಆ ಕೆಲಸ ಮಾಡಲಾರದು.

ಹೆಸರು ಬರೆಯುವ ಉತ್ಸಾಹ ಸರಕಾರಕ್ಕೆ ತಮಗಿಂತ ಮೊದಲೇ ಬಂದಿತ್ತು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದಾಗ ಅದರ ಎರಡನೆಯ ಭಾಗವನ್ನು ಹಿಜಡಾ ಸಮುದಾಯಕ್ಕೆಂದೇ ಮೀಸಲಿಟ್ಟರು, ಅವರ ಹೆಸರು ವಿಳಾಸಗಳ ರಿಜಿಸ್ಟರ್ ಇಡಬೇಕೆಂದರು. ಆ ಭಾಗ ಜಾರಿಯಾದದ್ದು ಉತ್ತರ ಭಾರತದಲ್ಲಿ. ಆದರೆ ಅದೇ ಬುದ್ಧಿ 140 ವರ್ಷಗಳ ಮೇಲೆ ನಮ್ಮ ಮನೆಗೂ ಬಂತು: 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಅದೇ ಸಮುದಾಯದಲ್ಲಿ ಅನುಮಾನ ಬಂದವರ ಹೆಸರು ಮತ್ತು ವಾಸಸ್ಥಳ ಬರೆದಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಅದನ್ನು ತಿದ್ದಬೇಕಾಯಿತು. ಅದೇ 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳ ಜೊತೆ ಮೂರನೆಯ ಅಂಕಣ ಮೊದಲ ಸಲ ಬಂದು, ದೇಶದಲ್ಲಿ 4.87 ಲಕ್ಷ ಜನ ಅದರಲ್ಲಿ ಸೇರಿದರು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆ ಹೆಣ್ಣನ್ನು ದೇವರಿಗೆ ಬಿಡುವುದನ್ನು ಮಾತ್ರ ಹೇಳಿತು. ಅದರ ನಂತರದ ಎರಡು ಸಮೀಕ್ಷೆಗಳಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿದರು. ಅದೇ ಗುಡಿಯಲ್ಲಿ ಅದೇ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಆ ಲೆಕ್ಕದ ಹೊರಗೆ ಉಳಿದರು. ಠಾಣೆಯ ರಿಜಿಸ್ಟರಿಗೆ ಬೇಕಾದವರು, ಗಣತಿಯ ಅಂಕಣಕ್ಕೆ ಬೇಕಾದವರು ತಮ್ಮ ಹಲಗೆಗೆ ಮಾತ್ರ ಬೇಡವಾದರೆ? ಈ ಪ್ರಶ್ನೆಯನ್ನು ತಮ್ಮ ಪಾದದ ಬಳಿ ಇಟ್ಟು ಕಾಯುತ್ತೇನೆ.

ಇನ್ನು ಪುಸ್ತಕಗಳ ವಿಷಯ. ತಾವು ದೊಡ್ಡವರು, ತಮಗೆ ತಿಳಿಯದ್ದೇನಲ್ಲ, ಆದರೂ ನೆನಪಿಸುವ ಅಪ್ಪಣೆ ಕೊಡಿ. ಮಂಜಮ್ಮ ಜೋಗತಿಯವರು ಹೇಳಿ, ಅರುಣ್ ಜೋಳದಕೂಡ್ಲಿಗಿ ಅವರು ಬರೆದ ‘ನಡುವೆ ಸುಳಿವ ಹೆಣ್ಣು’ ಕನ್ನಡದಲ್ಲಿಯೇ ಇದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿ ಎಂದು ಹುಟ್ಟಿ, ಮಟ್ಟಿಕಲ್ ಬಸಪ್ಪನವರಿಂದ ಜೋಗತಿ ಕುಣಿತ ಕಲಿತು, ಕಾಳವ್ವ ಜೋಗತಿಯ ಮೇಳ ಸೇರಿ ಬೆಳೆದವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು. ಆ ದೃಶ್ಯವನ್ನು ನಮ್ಮ ಓಣಿಯವರೆಲ್ಲ ಮೊಬೈಲಿನಲ್ಲಿ ತಿರುತಿರುಗಿ ನೋಡಿದರು. ಅದೇ ಓಣಿಯ ಹುಡುಗಿಯೊಬ್ಬಳು ಆ ಪುಸ್ತಕ ಕೇಳಿಕೊಂಡು ತಮ್ಮಲ್ಲಿಗೆ ಬಂದಳು, ಬರಿಗೈಯಲ್ಲಿ ಹೋದಳು.

ಟ್ರಾನ್ಸ್ ಮಹಿಳೆ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ನಾಟಕ ತಿರುಗಾಡಿತು, ಪುಸ್ತಕ ತಮ್ಮ ತನಕ ಬರಲಿಲ್ಲ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಿ.ಎಸ್. ಲಿಂಗದೇವರು ತೆಗೆದ ‘ನಾನು ಅವನಲ್ಲ ಅವಳು’ ಚಿತ್ರದ ನಟನೆಗೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದಾಗ ಊರೆಲ್ಲ ವಿಜಯ್ ಹೆಸರು ಹೇಳಿತು, ವಿದ್ಯಾ ಅವರ ಹೆಸರು ಹೇಳಿದವರು ಕಡಿಮೆ. ಬೆಂಗಳೂರಿನ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದವರು. ಅವರ ಬದುಕಿನ ಪುಸ್ತಕವೂ ಕನ್ನಡದಲ್ಲಿ ಬಂದಿದೆ. ಇವು ಸಿಗದ ಪುಸ್ತಕಗಳಲ್ಲ. ಮನೆ ತೆರಿಗೆ ತುಂಬುವಾಗೆಲ್ಲ ಗ್ರಂಥಾಲಯದ ಕರ ಎಂದು ಬೇರೆ ತುಂಬುತ್ತೇವೆ, 1965ರ ಕಾಯ್ದೆ ಬಂದಾಗಿನಿಂದ ತುಂಬುತ್ತಲೇ ಇದ್ದೇವೆ. ಸಗಟು ಖರೀದಿಯಲ್ಲಿ ಒಂದೇ ತರದ ವ್ಯಕ್ತಿತ್ವ ವಿಕಸನದ ಪುಸ್ತಕಗಳು ಕಟ್ಟುಕಟ್ಟಾಗಿ ಬಂದು ತಮ್ಮ ಕೆಳಗಿನ ಹಲಗೆಯಲ್ಲಿ ಕಟ್ಟು ಬಿಚ್ಚದೇ ಕೂತಿವೆ. ಅವುಗಳ ಪಕ್ಕದಲ್ಲಿ ನಾಲ್ಕು ಬೆರಳಷ್ಟು ಜಾಗ ಬೇಡುತ್ತಿದ್ದೇನೆ.

ಸಿಟ್ಟಾಗಬಾರದು, ಈ ಪುಸ್ತಕಗಳು ಬಂದರೂ ನನ್ನ ಅಹವಾಲು ಮುಗಿಯುವುದಿಲ್ಲ. ಅವುಗಳನ್ನು ಪ್ರೀತಿಯಿಂದ ಓದಿದ್ದೇನೆ, ಇನ್ನೂ ನಾಲ್ಕು ಮಂದಿಗೆ ಓದಲು ಕೊಟ್ಟಿದ್ದೇನೆ. ಆದರೆ ಇಂಥ ಬದುಕೆಂದರೆ ಹೀಗೆಯೇ ಎಂಬ ಒಂದು ದಾರಿ ಓದುಗರ ತಲೆಯಲ್ಲಿ ಬಿದ್ದುಬಿಟ್ಟಿದೆ: ಊರಿನಲ್ಲಿ ಹೊಡೆತ, ರಾತ್ರೋರಾತ್ರಿ ರೈಲು, ಮುಂಬಯಿಯೋ ದೆಹಲಿಯೋ, ಗುರುವಿನ ಮನೆ, ಆಪರೇಷನ್ನು, ಬೀದಿ, ಕೊನೆಗೊಂದು ಪ್ರಶಸ್ತಿ. ಪ್ರಕಾಶಕರು ಕೇಳುವುದೂ ಅದನ್ನೇ, ಪತ್ರಕರ್ತರು ಕೇಳುವುದೂ ಅದನ್ನೇ. ಅದರಲ್ಲಿಯೂ ಆಪರೇಷನ್ನಿನ ಪುಟವನ್ನೇ ಮೊದಲು ತೆರೆದು ನೋಡುವವರನ್ನು ಕಂಡು ನನಗೆ ಮೈ ಉರಿದಿದೆ. ನಮ್ಮ ಸೀಮೆಯ ಜೋಗಪ್ಪನ ಬದುಕು ಬಹಳ ಸಲ ಆ ದಾರಿ ಹಿಡಿಯುವುದೇ ಇಲ್ಲ. ಹುಡುಗನ ತಲೆಯಲ್ಲಿ ಜಡೆ ಕಟ್ಟಿತು, ಎಲ್ಲಮ್ಮನ ಕಾಟ ಎಂದರು, ಮನೆಯವರು ಅತ್ತರು, ಹೊಡೆದರು, ಕಡೆಗೆ ದೇವಿಗೆ ಹೆದರಿ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಅದೇ ಮನೆಯ ಅಟ್ಟದ ಕೋಣೆಯಲ್ಲೋ ಹಿತ್ತಲಿನಲ್ಲೋ ಆಕೆಯ ಸಂಸಾರ. ಹಲವರು ಊರು ಬಿಡುವುದಿಲ್ಲ, ಆಪರೇಷನ್ನಿಗೂ ಹೋಗುವುದಿಲ್ಲ. ಜೋಗ ಬೇಡಿ ತಂದ ಜೋಳ ಅದೇ ಮನೆಯ ಒಲೆಯ ಮೇಲೆ ರೊಟ್ಟಿಯಾಗುತ್ತದೆ. ತಂಗಿಯ ಮಕ್ಕಳ ಶಾಲೆಯ ಫೀಜು ಅದರಿಂದಲೇ, ತಮ್ಮನ ಮದುವೆ ಅದರಿಂದಲೇ. ಮದುವೆಯ ದಿನ ಮಾತ್ರ ಬೀಗರ ಕಣ್ಣಿಗೆ ಬೀಳಬೇಡ ಎಂದು ಒಳಗೆ ಕೂರಿಸುತ್ತಾರೆ. ಮನೆಯ ಒಳಗೇ ಇದ್ದು ಮನೆಯವರಲ್ಲದಂತೆ ಬದುಕಿದವರ ಕಥೆ ನಮ್ಮಲ್ಲಿ ಪುಸ್ತಕವಾಗಿಲ್ಲ. ಅದನ್ನು ರಾಮದುರ್ಗ ಸವದತ್ತಿಯ ಹಳ್ಳಿಗಳವರು ಬರೆಯದಿದ್ದರೆ ಮತ್ತೆ ಯಾರು ಬರೆಯಬೇಕು?

ನಮ್ಮ ಓಣಿಗೆ ಮಂಗಳವಾರ, ಶುಕ್ರವಾರ ಬರುವ, ನಾವು ಜೋಗಮ್ಮ ಎಂದು ಕರೆಯುವ ಹಿರಿಯ ಜೋಗಪ್ಪ ಒಬ್ಬರಿದ್ದಾರೆ. ಹೆಸರು ಹಾಕಲು ಅವರನ್ನು ಕೇಳಿಲ್ಲ, ಅದಕ್ಕೆ ಹಾಕುವುದಿಲ್ಲ. ಮೊಣಕಾಲು ನೋವು. ಕೊಡ ಇಳಿಸುವಾಗ ಮೊದಲು ಗೋಡೆಗೆ ಬೆನ್ನು ಕೊಟ್ಟು, ಒಂದು ಕೈಯಿಂದ ಸಿಂಬಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕೊಡದ ಬುಡಕ್ಕೆ ಆಸರೆ ಕೊಟ್ಟು, ಉಸಿರು ಬಿಗಿಹಿಡಿದು ಇಳಿಸುತ್ತಾರೆ. ನಾವು ಯಾರೂ ಮುಟ್ಟುವಂತಿಲ್ಲ. ಸಿಂಬಿ ಹಳೆಯ ಸೀರೆಯ ಅಂಚಿನದು, ಬೆವರು ಕುಡಿದು ಕುಡಿದು ಚರ್ಮದಂತೆ ಗಟ್ಟಿಯಾಗಿದೆ. ಆಮೇಲೆ ಚೌಡಿಕೆಯನ್ನು ಎಡ ಕಂಕುಳಿಗೆ ಒತ್ತಿ, ತಂತಿಯನ್ನು ಎಡಗೈಯಲ್ಲಿ ಬಿಗಿಸಿ ಸಡಿಲಿಸಿ ಕಿವಿಯ ಬಳಿ ತಂದು ನೋಡುತ್ತಾರೆ. ಒಂದೇ ತಂತಿ. ಅದನ್ನು ಬಿಗಿಹಿಡಿಯುವ ಲೆಕ್ಕದ ಮೇಲೆಯೇ ದನಿ ಏರಿಳಿಯಬೇಕು. ಅದು ಕೈಗೆ ಹತ್ತಲು ಎಷ್ಟು ವರ್ಷ ಹಿಡಿಯಿತು ಎಂದು ಒಮ್ಮೆ ಕೇಳಿದೆ.

“ನಮ್ಮ ಗುರುವಿಗಿ ಸಿಟ್ಟ ಬಾಳ ತಂಗಿ. ತಪ್ಪಿದ್ರ ಕಡ್ಡೀಲೆ ಬೆರಳ ಮ್ಯಾಲ ಹೊಡೀತಿದ್ದಳು. ಊಟಾನೂ ಆಕೀನ ಉಣಸ್ತಿದ್ದಳು. ಆಕೀ ಹೆಸರ ಯಾರರ ಬರೀಬೇಕ ನೋಡು,” ಎಂದರು.

“ನಿಮ್ಮ ಹೆಸರು ಬ್ಯಾಡೇನ್ರೀ ಯಕ್ಕಾ?” ಎಂದೆ.

“ಮೊದಲ ಆಕೀದು. ಆಮ್ಯಾಲ ನನ್ನದು. ಅದೂ ನಾ ಸತ್ತ ಮ್ಯಾಲ ಬ್ಯಾಡ, ಇದ್ದಾಗ.”

ಸಂಗೀತಗಾರರ ಜೀವನಚರಿತ್ರೆ ಹೇಗೆ ಶುರುವಾಗುತ್ತದೆ ಎಂದು ತಮ್ಮಲ್ಲಿಯೇ ಓದಿ ಬಲ್ಲೆ. ಗುರು ಯಾರು, ಗುರುವಿನ ಗುರು ಯಾರು, ಯಾವ ಘರಾಣೆ, ಬೆಳಗಿನ ಜಾವ ಎಷ್ಟು ಹೊತ್ತು ಸಾಧನೆ. ಧಾರವಾಡ ಇಲ್ಲಿಂದ ದೂರವಿಲ್ಲವಲ್ಲ, ಆ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ರಾತ್ರಿಯಿಂದ ಬೆಳಗಿನ ತನಕ ಎಲ್ಲಮ್ಮನ ಕಥೆಯನ್ನು ಬಾಯಿಪಾಠದಿಂದ ಹಾಡಿ ಮುಗಿಸುವ ಜೋಗಮ್ಮನಿಗೂ ಗುರುಪರಂಪರೆ ಇದೆ, ಸಾಧನೆ ಇದೆ, ಅದಕ್ಕಾಗಿ ತಿಂದ ಪೆಟ್ಟೂ ಇದೆ. ಟಿ.ಎಂ. ಕೃಷ್ಣ ಅವರಂಥ ಕರ್ನಾಟಕ ಸಂಗೀತದ ಗಾಯಕರು ಜೋಗಪ್ಪಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಛೇರಿ ಮಾಡಿದರು. ಸಮಾನವಾಗಿ ಕೂತು ಹಾಡಿದವರ ಕಲಿಕೆಯ ಕಥೆಯನ್ನೂ ಸಮಾನವಾಗಿ ಬರೆಯುವ ಕಾಲ ಇನ್ನೂ ಬರಲಿಲ್ಲ. ಅವರ ಬಳಿ ಹೋದವರೆಲ್ಲ ಕೇಳುವುದು, ನೀವು ಹೀಗೆ ಆದದ್ದು ಹೇಗೆ ಎಂದು. ಹೀಗೆ ಹಾಡಲು ಕಲಿತದ್ದು ಹೇಗೆ ಎಂದು ಕೇಳುವವರು ಎಲ್ಲಿ?

ಕಾಯುವುದು ತಮ್ಮ ಸ್ವಭಾವ ಎಂದು ಬಲ್ಲೆ. ಕಾದು ಉಳಿದ ಪುಸ್ತಕಗಳೂ ಉಂಟು. ಮೈಕೆಲ್ ಡಿಲ್ಲನ್ ಎಂಬ ಇಂಗ್ಲೆಂಡಿನ ವೈದ್ಯರು ಹೆಣ್ಣೆಂದು ಹುಟ್ಟಿ ಗಂಡಾಗಿ ಬಾಳಿದವರು. ಪತ್ರಿಕೆಗಳು ಅವರ ಗುಟ್ಟನ್ನು ಬಯಲಿಗೆ ಎಳೆದ ಮೇಲೆ ಭಾರತಕ್ಕೆ ಬಂದು ಬೌದ್ಧ ಸಾಧಕರಾದರು. 1962ರಲ್ಲಿ ಆತ್ಮಕಥೆ ಬರೆದು ಮುಗಿಸಿ, ಅದೇ ವರ್ಷ ಡಾಲ್‌ಹೌಸಿಯಲ್ಲಿ ತೀರಿಕೊಂಡರು. ಅದು ಅಚ್ಚಾಗಿ ಬಂದದ್ದು 2016ರಲ್ಲಿ, 54 ವರ್ಷಗಳ ಮೇಲೆ. ಹಸ್ತಪ್ರತಿ ಇತ್ತು, ಅದಕ್ಕೆ ಕಾದೀತು. ನಮ್ಮ ಜೋಗಮ್ಮನವರದು ಎಲ್ಲವೂ ನೆನಪಿನಲ್ಲಿದೆ, ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಡಿಲ್ಲನ್‌ರಂತೆ ಗಂಡಾಗಿ ಬಾಳಬಯಸಿದ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗಂತೂ ಆಸರೆಗೆ ಎಲ್ಲಮ್ಮನೂ ಇಲ್ಲ, ಹೇಳಿಕೊಳ್ಳಲು ಒಂದು ಹಾಡೂ ಇಲ್ಲ. ರೇವತಿಯವರು 2016ರ ತಮ್ಮ ಇನ್ನೊಂದು ಪುಸ್ತಕದಲ್ಲಿ ಅಂಥ ಟ್ರಾನ್ಸ್ ಪುರುಷರಿಗೆ ಮಾತಾಡಲು ಜಾಗ ಮಾಡಿಕೊಟ್ಟರು, ಅದು ಇಂಗ್ಲಿಷಿನಲ್ಲಿದೆ.

ಅದೇ ರೇವತಿಯವರು ಸ್ವಂತ ಕಥೆ ಬರೆಯುವ ಮೊದಲು ಮಾಡಿದ ಕೆಲಸವೊಂದನ್ನು ತಮ್ಮ ಗಮನಕ್ಕೆ ತರಬೇಕು. 2004ರ ಸುಮಾರಿಗೆ ಅವರು ಊರೂರು ತಿರುಗಿ ತಮ್ಮ ಸಮುದಾಯದ ಬೇರೆ ಬೇರೆಯವರ ಬದುಕನ್ನು ಅವರ ಮಾತಿನಲ್ಲಿಯೇ ಕೇಳಿ, ತಮಿಳಿನಲ್ಲಿ ಒಂದು ಸಂಕಲನ ತಂದರು. ತಮ್ಮದು ಆಮೇಲೆ. ಗುರುವಿನ ಹೆಸರು ಮೊದಲು, ನನ್ನದು ಆಮೇಲೆ ಎಂದ ನಮ್ಮ ಜೋಗಮ್ಮನ ಮಾತೂ ಇದಕ್ಕೆ ಬಹಳ ಹತ್ತಿರದ್ದು. ಅಂಥ ಒಂದು ಸಂಕಲನ ಎಲ್ಲಮ್ಮನ ಗುಡ್ಡದ ಸುತ್ತಲಿನವರಿಂದ ಆಗಲಿ ಎಂಬುದು ನನ್ನ ಆಸೆ. ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವ ಮಕ್ಕಳಿದ್ದಾರೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ಮಂಜಮ್ಮನವರ ಪುಸ್ತಕ ದಾರಿ ತೋರಿಸಿದೆ, ಹೇಳುವವರೊಬ್ಬರು, ಬರೆಯುವವರೊಬ್ಬರು, ಇಬ್ಬರ ಹೆಸರೂ ಮುಂದೆಯೇ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರೆದುರೇ ಓದಿ ಹೇಳಬೇಕು. ಬೇಡ ಎಂದ ಮಾತನ್ನು ತೆಗೆಯಬೇಕು, ಹೆಸರು ಬೇಡ ಎಂದವರ ಹೆಸರು ಹಾಕಬಾರದು, ಊರಿನ ಗುರುತೂ ಕೊಡಬಾರದು. ಪುಸ್ತಕದಿಂದ ಬಂದ ಹಣದಲ್ಲಿ ಹೇಳಿದವರಿಗೆ ಪಾಲು ಇರಬೇಕು. ಸರಕಾರದ ಮೈತ್ರಿ ಯೋಜನೆಯ ಮಾಸಾಶನಕ್ಕೆ ಕಾಗದಪತ್ರ ಹೊಂದಿಸಲು ಓಡಾಡುವವರಿಗೆ ಅದು ಸಣ್ಣ ಮಾತಲ್ಲ. ಆಪರೇಷನ್ನಿನ ಪ್ರಶ್ನೆ ಕೇಳಲೇಬಾರದು, ಅವರಾಗಿ ಹೇಳಿದರೆ ಬೇರೆ.

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. ಕರ್ನಾಟಕ 2021ರಲ್ಲಿ ಈ ಸಮುದಾಯದವರಿಗೆ ಸರಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿ ತಂದಿತು. ಕೋರ್ಟು, ಸರಕಾರ ಇಷ್ಟು ದೂರ ನಡೆದು ಬಂದಿರುವಾಗ ಕಪಾಟು ಒಂದು ಹಲಗೆಯಷ್ಟು ಸರಿಯಲಾರದೇ ಎಂದು ಕೇಳುವುದು ದುರಾಸೆಯಾದರೆ ಕ್ಷಮಿಸಬೇಕು.

ಆದ್ದರಿಂದ ಈ ಪತ್ರದ ಜೊತೆ ಪುಸ್ತಕ ಬೇಡಿಕೆಯ ಚೀಟಿಯನ್ನೂ ತುಂಬಿ ಕೊಟ್ಟಿದ್ದೇನೆ. ಅದರಲ್ಲಿ ‘ನಡುವೆ ಸುಳಿವ ಹೆಣ್ಣು’, ‘ಬದುಕು ಬಯಲು’, ವಿದ್ಯಾ ಅವರ ಆತ್ಮಕಥೆಯ ಕನ್ನಡ ಅನುವಾದ, ಅಕ್ಕಯ್ ಪದ್ಮಶಾಲಿಯವರ ಜೀವನಕಥನ ಎಂದು ನಾಲ್ಕು ಹೆಸರು ಬರೆದಿದೆ. ಬಂದ ಮೇಲೆ ಜಾನಪದಕ್ಕೋ ಸಮಾಜದ ಸಮಸ್ಯೆಗಳ ಸಾಲಿಗೋ ಕಳಿಸಬಾರದು, ತಮ್ಮಲ್ಲಿಯೇ, ಅಕಾರಾದಿಯಲ್ಲಿ ಅವರವರ ಹೆಸರು ಎಲ್ಲಿ ಬರುತ್ತದೋ ಅಲ್ಲಿಯೇ ಇಡಬೇಕು. ಆ ಸಾಲಿನಲ್ಲಿ ಮಂಜಮ್ಮನವರಿಗೆ ಮಲ್ಲಮ್ಮ ನೆರೆಯವಳಾದರೆ ಬೆಳವಡಿಯವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಐದನೆಯ ಪುಸ್ತಕ ಇನ್ನೂ ಬರೆಯಬೇಕಾದದ್ದು. ಅದಕ್ಕೆ ಜಾಗ ಬಿಡಿ ಎಂದಷ್ಟೇ ಕೇಳುತ್ತೇನೆ. ಜೋಗಮ್ಮನವರು ಬರುವ ಶುಕ್ರವಾರ ಗುರುವಿನ ಕಥೆ ಹೇಳಲು ಒಪ್ಪಿದ್ದಾರೆ. ಕೊಡ ಇಳಿಸಿಟ್ಟು ಊಟ ಮುಗಿದ ಮೇಲೆ ಕೂರೋಣ, ಚೌಡಿಕೆ ಇಲ್ಲದೆ ಬಾಯಿ ಮಾತಿನಲ್ಲಿ ಹೇಳುತ್ತೇನೆ ಎಂದಿದ್ದಾರೆ. ಇನ್ನೂರು ಪುಟದ ನೋಟುಪುಸ್ತಕ ತಂದಿಟ್ಟಿದ್ದೇನೆ.

ಇಂತಿ ತಮ್ಮ ವಿಧೇಯಳು,
ಮಲಪ್ರಭಾ ದಂಡೆಯ ಓದುಗಾರ್ತಿ